ವಾಹನವಿದ್ಯೆಗೆ ಗುರು ಯಾರು?

ಕೆಲವು ವಿದ್ಯೆಗಳನ್ನು ಅರೆಬರೆ ಕಲಿತರೆ ನಷ್ಟ ಕಲಿತವನಿಗೆ ಮಾತ್ರ. ವಾಹನ ನಡೆಸುವ ವಿದ್ಯೆ ಹಾಗಲ್ಲ. ಅದರಲ್ಲಿ ಅರೆಕಲಿಕೆಯ ಫಲವನ್ನು ಉಣ್ಣುವವರು ಹಾದಿಹೋಕರು. ಆದುದರಿಂದ ಹದಿಹರೆಯದ ಹುಡುಗನಿಗೆ ಇದನ್ನು ಯಾರಿಂದ ಕಲಿಸಬೇಕೆಂಬುದು ಮನೆಯ ವಿಚಾರವಾದರೂ ಊರಿನ ವಿಚಾರವೂ ಹೌದು.

ನಮ್ಮ ಮನೆಯಲ್ಲಿ ಈಗ ಇದೇ ಚರ್ಚೆ. ದ್ವಿತೀಯ ಪಿ.ಯು.ಸಿ. ಓದುತ್ತಿರುವ ತಮ್ಮನಿಗೆ ಇನ್ನು ಕೆಲವು ತಿಂಗಳಲ್ಲಿ 18 ವರ್ಷ ತುಂಬುತ್ತದೆ. ಕಾರು ನಡೆಸಲು ಕಲಿಯಬೇಕೆಂದು ಅವನ ಹಟ. "ನಾನು ಲಾರಿಯಲ್ಲಿ ಕ್ಲೀನರಾಗಿದ್ದುಕೊಂಡೇ ಕಲಿತೆ. ದುಡ್ಡು ಕೊಟ್ಟು ಕಲಿಯುವುದಕ್ಕೆ ಇದೇನು ಸಂಗೀತವೆ? ನನ್ನ ಟೆಂಪೋವನ್ನು ನಾಲ್ಕು ದಿನ ಓಡಿಸಲಿ, ಸಾಕು" ಎನ್ನುತ್ತಾರೆ ದೊಡ್ಡಪ್ಪ. ಶುಲ್ಕ ಉಳಿಯುವುದರಿಂದ ಅಪ್ಪನಿಗೂ ಅದೇ ಸರಿ. ನನ್ನ ಅಭಿಪ್ರಾಯ ಬೇರೆ.

ದೊಡ್ಡಪ್ಪನವರ ಅನುಭವವನ್ನು ಅಲ್ಲಗಳೆಯುವಷ್ಟು ದೊಡ್ಡವಳು ನಾನಲ್ಲ. ನೀರಿಗಿಳಿಯದೆ ಈಜು ಬಾರದೆಂಬುದೂ ನಿಜ. ಆದರೆ ಅವರ ಟೆಂಪೋದಲ್ಲಿ ಕಾಲಿನ ಬ್ರೇಕು ಒಂದೇ. ಅದರ ಮೇಲಿರುವುದು ಕಲಿಯುವವನ ಕಾಲು. ತರಬೇತಿ ಶಾಲೆಯ ಕಾರಿನಲ್ಲಾದರೋ, ಬೋಧಕನೂ ವಾಹನವನ್ನು ಹಿಡಿದು ನಿಲ್ಲಿಸಬಲ್ಲ ಎರಡನೆಯ ನಿಯಂತ್ರಣವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಇದಲ್ಲದೆ ಟೆಂಪೋ ಸರಕು ಸಾಗಿಸುವ ವಾಹನ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 20 ವರ್ಷ ತುಂಬದವರು ಅದನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವಂತಿಲ್ಲ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ತಮ್ಮ ಅಪ್ಪನ ಬೈಕಿನಲ್ಲಿ ಹೋಗಿ ಡೇರಿಗೆ ಹಾಲು ಹಾಕಿ ಬರುತ್ತಿದ್ದ. ಬಸ್ಸು ತಪ್ಪೀತೆಂಬ ಅವಸರದಲ್ಲಿ ನಾನೂ ಎಷ್ಟೋ ದಿನ ಅವನ ಹಿಂದೆ ಕುಳಿತಿದ್ದೇನೆ. 2019ರ ತಿದ್ದುಪಡಿಯನ್ನು ಓದಿದ ದಿನ ನಾಚಿಕೆಯಾಯಿತು. ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಹಿಂದೆ ಕುಳಿತವಳು ನಾನು. ಓದುಬರಹ ಬಾರದ ಅಪ್ಪ ಅದಕ್ಕೆ ಹೊಣೆ! ಈಗ ಡೇರಿಗೆ ಅಪ್ಪನೇ ಹೋಗುತ್ತಾರೆ. ನಾನು ಬಸ್ಸಿಗೆ ನಡೆದೇ ಹೋಗುತ್ತೇನೆ.

ಹಾಗೆಂದು ಬೋರ್ಡು ತೂಗುಹಾಕಿದ್ದೆಲ್ಲವೂ ಶಾಲೆಯಲ್ಲ. ಪಟ್ಟಣದಲ್ಲಿ ನಾವು ವಿಚಾರಿಸಿದ ಒಂದು ಕಡೆ, "ಹತ್ತು ದಿನ ಬನ್ನಿ, ಲೈಸೆನ್ಸು ನಾವೇ ಮಾಡಿಸಿಕೊಡುತ್ತೇವೆ" ಎಂದರು. ಕಲಿಸುತ್ತೇವೆಂಬ ಮಾತೇ ಬರಲಿಲ್ಲ. ನಿಯಮದಂತೆ ಸ್ವಂತ ಬಳಕೆಯ ಕಾರಿನ ತರಬೇತಿ 21 ದಿನಕ್ಕೂ, ನಡೆಸುವ ಅಭ್ಯಾಸ 10 ಗಂಟೆಗೂ ಕಡಿಮೆಯಿರಕೂಡದು. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆಂದು 2021ರಲ್ಲಿ ಬಂದ ನಿಯಮದಲ್ಲಿ ಲಘು ವಾಹನಕ್ಕೆ 29 ಗಂಟೆ ಗೊತ್ತುಮಾಡಿದ್ದಾರೆ: ಪಾಠಕ್ಕೆ 8, ಅಭ್ಯಾಸಕ್ಕೆ 21. ಅಂಥ ಕೇಂದ್ರ ಹತ್ತಿರವಿದ್ದವರು ಅಲ್ಲಿಗೇ ಹೋಗಲಿ. ಇಲ್ಲದವರು ಶುಲ್ಕವೆಷ್ಟೆಂದು ಕೇಳುವ ಮೊದಲು ದಿನವೆಷ್ಟು, ಗಂಟೆಯೆಷ್ಟು, ಒಂದು ಸಲಕ್ಕೆ ಕಾರಿನಲ್ಲಿ ಕಲಿಯುವವರೆಷ್ಟು ಜನ, ಹಿಂದಕ್ಕೆ ತೆಗೆಯುವುದನ್ನೂ ಏರಿನಲ್ಲಿ ನಿಲ್ಲಿಸಿ ಹೊರಡಿಸುವುದನ್ನೂ ಹೇಳಿಕೊಡುತ್ತಾರೆಯೆ ಎಂದು ಕೇಳಲಿ.

ಹಾಗಾದರೆ ದೊಡ್ಡಪ್ಪನವರಿಗೆ ಇದರಲ್ಲಿ ಪಾತ್ರವೇ ಇಲ್ಲವೆ? ಇದೆ, ಅದೂ ದೊಡ್ಡ ಪಾತ್ರ. ನಿಯಮವನ್ನು ನಾನು ಓದಿ ಹೇಳಬಲ್ಲೆ. ಬೋಧಕನ ಕೈಯಲ್ಲಿ ವಿದ್ಯೆಯಿದೆಯೆ, ಮಾತಿನಲ್ಲಿ ತಾಳ್ಮೆಯಿದೆಯೆ ಎಂಬುದನ್ನು ನನ್ನಿಂದ ಅಳೆಯಲಾಗದು. ಅದನ್ನು ಕಂಡುಹಿಡಿಯಲು ಅವರಿಗೆ ಒಂದು ಸುತ್ತು ಸಾಕು. ಶಾಲೆಯನ್ನು ಆರಿಸುವ ದಿನ ಅವರೇ ನಮ್ಮೊಡನೆ ಬರಲಿ. ಈ ಮಾತನ್ನು ಮೊನ್ನೆ ಅವರ ಮುಂದಿಟ್ಟೆ. "ಭಾನುವಾರ ಬಾಡಿಗೆಯಿಲ್ಲ, ಹೋಗೋಣ" ಎಂದರು.