ರಾಜಿಯಿಲ್ಲದ ರಾಜೀನಾಮೆ

ಪಾರಸಿಯಿಂದ ಕನ್ನಡಕ್ಕೆ ಬಂದ ‘ರಾಜೀನಾಮೆ’ ಎಂಬ ಪದದ ಮೂಲಾರ್ಥ ಒಪ್ಪಿಗೆಯ ಪತ್ರ. ಕಳೆದ ವರ್ಷ ಬೆಂಗಳೂರಿನ ಐಟಿ ಸಂಸ್ಥೆಯೊಂದರಲ್ಲಿ ನನ್ನ ಬಂಧುವೊಬ್ಬಳನ್ನು ಮಾನವ ಸಂಪನ್ಮೂಲ ವಿಭಾಗದವರು ಕೋಣೆಗೆ ಕರೆದು, ಸಂಜೆಯೊಳಗೆ ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ, ಇಲ್ಲವಾದರೆ ವಜಾ ಎಂದರು. ಒಂಬತ್ತು ವರ್ಷ ದುಡಿದವಳು ಪೋರ್ಟಲ್‌ನಲ್ಲಿ ಗುಂಡಿಯೊಂದನ್ನು ಒತ್ತಿ ಹೊರಬಂದಳು. ದಾಖಲೆಯ ಪ್ರಕಾರ ಆಕೆ ಸ್ವಇಚ್ಛೆಯಿಂದ ಹೋದವಳು.

ಕಾರ್ಮಿಕ ಸಂಬಂಧಗಳ ಪರಿಭಾಷೆಯಲ್ಲಿ ವಜಾ, ಉದ್ಯೋಗ ಕಡಿತ, ರಾಜೀನಾಮೆ ಮೂರೂ ಬೇರೆ ಬೇರೆ. ದುರ್ನಡತೆಯ ಆರೋಪದ ಮೇಲೆ ವಜಾ ಮಾಡಬೇಕಾದರೆ ವಿಚಾರಣೆ ನಡೆಯಬೇಕು. ಮಾಲೀಕನಿಗೆ ಬೇಡವಾದ ಕಾರಣಕ್ಕೆ ಕಡಿತಗೊಳಿಸಿದರೆ ಒಂದು ತಿಂಗಳ ನೋಟಿಸ್, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಇದನ್ನೇ ಹೇಳಿತ್ತು, ಅದರ ಜಾಗಕ್ಕೆ ಬಂದ ಸಂಹಿತೆಯೂ ಇದನ್ನೇ ಹೇಳುತ್ತದೆ. ರಾಜೀನಾಮೆಗೆ ಇವೆರಡೂ ಅನ್ವಯಿಸವು. ಹಾಗಾಗಿ ಆ ಒಂದು ಗುಂಡಿಯ ಬೆಲೆ 135 ದಿನಗಳ ಸಂಬಳ, ಮತ್ತು ಪ್ರಶ್ನಿಸುವ ಹಕ್ಕಿನ ಬಹುಪಾಲು.

ಎಂಜಿನಿಯರುಗಳಿಗೆ ಈ ಕಾನೂನು ಎಲ್ಲಿ ಅನ್ವಯಿಸುತ್ತದೆ ಎಂದು ಕೇಳುವವರಿದ್ದಾರೆ. ಹೆಚ್ಚಾಗಿ ಎಂಜಿನಿಯರುಗಳೇ ಕೇಳುತ್ತಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸ ಸ್ಪಷ್ಟವಾಗಿ ಸೇರಿದೆ. ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ಕೈಕೆಳಗೆ ಒಬ್ಬರೂ ಇಲ್ಲದ ‘ಮ್ಯಾನೇಜರ್’ಗಳು ನಮ್ಮ ನಾಡಿನಲ್ಲಿ ಎಷ್ಟು ಮಂದಿ!

ಕರ್ನಾಟಕ ಸರ್ಕಾರದ ಪಾಲೂ ಇದರಲ್ಲಿದೆ. ದುರ್ನಡತೆ ಎಂದರೇನು, ವಿಚಾರಣೆ ಹೇಗೆ ನಡೆಯಬೇಕು ಎಂಬುದನ್ನು ಲಿಖಿತವಾಗಿ ನಿಗದಿಪಡಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ ವಿನಾಯಿತಿ ಕೊಡುತ್ತಲೇ ಬಂದು, 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತೇನೋ ಇತ್ತು. ನನ್ನ ಬಂಧುವಿಗೆ ಅಂಥದೊಂದು ಸಮಿತಿಯಿದೆಯೆಂಬುದೇ ತಿಳಿದಿರಲಿಲ್ಲ.

ನಾನಿರುವ ಜರ್ಮನಿಯಲ್ಲಿ ಇಮೇಲ್ ಮೂಲಕ ಕೊಟ್ಟ ರಾಜೀನಾಮೆ ಸಿಂಧುವಲ್ಲ. ಕಾಗದದ ಮೇಲೆ ಕೈಬರಹದ ಸಹಿ ಬೇಕು. ನೌಕರರೇ ಆರಿಸಿದ ಕಾರ್ಯಮಂಡಳಿ ಇರುವಲ್ಲಿ, ಅದರ ಅಭಿಪ್ರಾಯ ಕೇಳದೆ ಮಾಡಿದ ವಜಾ ಅನೂರ್ಜಿತ. ಐವರು ನೌಕರರಿದ್ದರೂ ಇಂಥ ಮಂಡಳಿಯನ್ನು ಆರಿಸಿಕೊಳ್ಳಬಹುದು. ಇಲ್ಲಿಯೂ ಒತ್ತಡ ಹೇರಿ ಸಹಿ ಹಾಕಿಸಿಕೊಳ್ಳುವವರು ಇಲ್ಲದಿಲ್ಲ. ಆದರೆ ಕಾಗದ ತಂದು ಮುಂದಿಡುವ ಹೊತ್ತಿಗೆ ನೌಕರ ಯಾರನ್ನು ಕರೆಯಬೇಕೆಂದು ಬಲ್ಲ.

ಈ ರಕ್ಷಣೆಯ ನೆರಳಿನಲ್ಲಿ ಕುಳಿತ ಕನ್ನಡಿಗರಲ್ಲಿ ಕೆಲವರ ಮೇಜಿನಿಂದಲೇ ಬೆಂಗಳೂರಿನ ಕಚೇರಿಗಳಿಗೆ ಹೆಸರುಗಳ ಪಟ್ಟಿ ಹೋಗುತ್ತದೆ. ಅಂಥವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಪಟ್ಟಿಯ ಜೊತೆಗೆ ಒಂದು ಸಾಲು ಬರೆಯಿರಿ: ಇವರನ್ನು ತೆಗೆಯುತ್ತಿರುವವರು ನಾವು, ಆದ್ದರಿಂದ ಯಾರಿಂದಲೂ ರಾಜೀನಾಮೆ ಕೇಳಬಾರದು, ಕಡಿತದ ಪರಿಹಾರವನ್ನು ಪೂರ್ತಿ ಕೊಡಬೇಕು.