ನಿಮ್ಮ ನೀಮೋಗೆ ಜೋಡಿ ತರೋ ಮುಂಚೆ ಅಳತೆ ನೋಡಿ

ಕ್ಯಾಪ್ಷನ್ 1/5

"ಟ್ಯಾಂಕಲ್ಲಿ ಕ್ಲೌನ್ ಫಿಶ್ ಒಂದೇ ಇದೆ, ಪಾಪ ಒಂಟಿ, ಒಂದು ಹೆಣ್ಣು ತಂದು ಬಿಡ್ಲಾ?" ಅಕ್ವೇರಿಯಂ ಬಗ್ಗೆ ಏನೇ ಹಾಕಿದ್ರೂ ಡಿಎಂಗೆ ಬರೋ ಪ್ರಶ್ನೆ ಇದೇ. ಇನ್ನೊಂದು ಥರನೂ ಬರತ್ತೆ: "ಜೋಡೀಲಿ ಹೆಣ್ಣು ಸತ್ತೋಯ್ತು, ಗಂಡು ಉಳಿದಿದೆ, ಹೆಣ್ಣು ಎಲ್ಲಿ ಸಿಗತ್ತೆ?"

ಎರಡಕ್ಕೂ ನನ್ನ ಉತ್ತರ ಒಂದೇ. ಹೆಣ್ಣು ಹುಡುಕಬೇಡಿ. ಪಾಪ ಅನ್ನಿಸಿತು ಅನ್ನೋ ಒಂದೇ ಕಾರಣಕ್ಕೆ ಇನ್ನೊಂದು ಮೀನು ತರಲೂಬೇಡಿ. ತರಲೇಬೇಕು ಅಂದ್ರೆ, ನಿಮ್ಮ ಮೀನಿಗಿಂತ ಕಣ್ಣಿಗೆ ಕಾಣೋಷ್ಟು ಚಿಕ್ಕದಾಗಿರೋ ಮರಿ ತನ್ನಿ. ಆಮೇಲೆ, ಜಗಳ ಆದ್ರೆ ಅದನ್ನ ಎಲ್ಲಿಡ್ತೀನಿ ಅಂತ ಮೊದಲೇ ಜಾಗ ಮಾಡಿಟ್ಕೊಳ್ಳಿ. ಆ ಜಾಗ ಇಲ್ಲ ಅಂದ್ರೆ ಮೀನೂ ಬೇಡ.

ಇಷ್ಟು ಖಡಕ್ಕಾಗಿ ಯಾಕೆ ಹೇಳ್ತಿದೀನಿ ಅಂದ್ರೆ, ಇಲ್ಲಿ ಲೆಕ್ಕ ತಪ್ಪಿದ್ರೆ ಸಾಯೋದು ನಾವಲ್ಲ. ನಮ್ಮ ಒಳ್ಳೆತನ ನಂಬ್ಕೊಂಡು ಕವರಲ್ಲಿ ಬಂದ ಮೀನು.

ಕ್ಯಾಪ್ಷನ್ 2/5

ಮೊದಲು ಈ ಮೀನಿನ ಸಂಸಾರ ಹೇಗಿರತ್ತೆ ನೋಡೋಣ. ಕ್ಲೌನ್ ಫಿಶ್ಶಲ್ಲಿ ಹುಟ್ಟಿದ ಹೆಣ್ಣು ಅಂತ ಯಾರೂ ಇಲ್ಲ. ಮೊದಲು ಗಂಡಾಗಿ ಬೆಳೆದು, ಜಾಗ ಖಾಲಿ ಆದಾಗ ಹೆಣ್ಣಾಗೋ ಜಾತಿ ಇದು. ಒಂದು ಅನಿಮೋನಿಯೊಳಗೆ ಒಂದು ಗುಂಪು ಇರತ್ತೆ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳೇ ಯಜಮಾನಿ. ಎರಡನೇ ದೊಡ್ಡದು ಅವಳ ಗಂಡು. ಉಳಿದವು ಮರಿ ಹಾಕಲ್ಲ, ಸುಮ್ನೆ ಕ್ಯೂನಲ್ಲಿ ನಿಂತಿರ್ತವೆ.

ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗತ್ತೆ. ಕ್ಯೂನಲ್ಲಿದ್ದ ಮುಂದಿನವನು ಗಂಡಿನ ಜಾಗಕ್ಕೆ ಬರ್ತಾನೆ. ಮೊದಲು ನಡವಳಿಕೆ ಬದಲಾಗತ್ತೆ, ದೇಹದೊಳಗಿನ ಬದಲಾವಣೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಒಂದು ಸಲ ಹೆಣ್ಣಾದ್ಮೇಲೆ ವಾಪಸ್ ಗಂಡಾಗಲ್ಲ. ಇದು ಒನ್ ವೇ.

ಇದೇನು ಹೊಸ ಸುದ್ದಿ ಅಲ್ಲ. 1977ರಲ್ಲೇ ಫ್ರಿಕೆ ಅನ್ನೋ ಹೆಸರಿನ ಇಬ್ಬರು ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ರು. 2003ರಲ್ಲಿ ಪೀಟರ್ ಬಸ್ಟನ್ ಅದೇ ಪತ್ರಿಕೆಯಲ್ಲಿ ಇನ್ನೂ ಮಜಾ ವಿಷಯ ತೋರಿಸಿದ್ರು. ಪಪುವಾ ನ್ಯೂಗಿನಿಯ ಕ್ಲೌನ್ ಫಿಶ್‌ಗಳಲ್ಲಿ ಕ್ಯೂನಲ್ಲಿರೋ ಚಿಕ್ಕ ಮೀನುಗಳು ತಮ್ಮ ಬೆಳವಣಿಗೆಯನ್ನೇ ಹಿಡಿದಿಟ್ಕೊಳ್ತವೆ. ಮೇಲಿನವರಿಗಿಂತ ಒಂದು ಅಳತೆ ಕಮ್ಮಿ ಇದ್ರೆ ಅವರಿಗೆ ಪೈಪೋಟಿ ಅನ್ಸಲ್ಲ, ಇವರನ್ನ ಹೊರಗೆ ದಬ್ಬಲ್ಲ. ಅಂದ್ರೆ ಇವರ ಲೋಕದಲ್ಲಿ ಸೈಜ್ ಅನ್ನೋದು ಬರೀ ಸೈಜ್ ಅಲ್ಲ, ಅದೊಂದು ಮಾತು. "ನಾನು ನಿನ್ನ ಜಾಗಕ್ಕೆ ಬರಲ್ಲ ಅಕ್ಕ" ಅನ್ನೋ ಮಾತು.

'ಫೈಂಡಿಂಗ್ ನೀಮೋ' ಬಂದಿದ್ದೂ ಅದೇ 2003ರಲ್ಲಿ. ನಿಜವಾದ ಕಡಲಲ್ಲಾಗಿದ್ರೆ ಹೆಂಡತಿ ಸತ್ತ ಮೇಲೆ ನೀಮೋನ ಅಪ್ಪ ಮಾರ್ಲಿನ್ ಅಪ್ಪನಾಗೇ ಉಳೀತಿರಲಿಲ್ಲ, ಹೆಣ್ಣಾಗ್ತಿದ್ದ. ಸಿನಿಮಾ ಸಿನಿಮಾನೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಸಿನಿಮಾದ ಲೆಕ್ಕದಲ್ಲಿ ಅಂಗಡಿಗೆ ಹೋಗಬೇಡಿ.

ಕ್ಯಾಪ್ಷನ್ 3/5

ಈಗ ನಿಮ್ಮ ಟ್ಯಾಂಕಿಗೆ ಬನ್ನಿ. ನಿಮ್ಮ ಒಂಟಿ ಮೀನು ಗಂಡೋ ಹೆಣ್ಣೋ ಹೊರಗಿಂದ ನೋಡಿ ಹೇಳಕ್ಕಾಗಲ್ಲ. ಬಣ್ಣ ಅದೇ, ಪಟ್ಟೆ ಅದೇ. ವರ್ಷಗಟ್ಟಲೆ ಒಂಟಿಯಾಗಿ ಯಜಮಾನಿಕೆ ಮಾಡಿದ ದೊಡ್ಡ ಮೀನಾದ್ರೆ, ಅದು ಹೆಣ್ಣೇ ಅಂತ ಅಂದ್ಕೊಂಡು ಹೆಜ್ಜೆ ಇಡೋದು ಸೇಫ್. ಯಾಕಂದ್ರೆ ಅದು ನಿಜವಾಗಿ ಹೆಣ್ಣಾಗಿದ್ದು, ನೀವು ಇನ್ನೊಂದು ಹೆಣ್ಣನ್ನ ತಂದು ಬಿಟ್ರೆ, ಇಬ್ಬರಲ್ಲಿ ಯಾರೂ ಗಂಡಾಗಕ್ಕಾಗಲ್ಲ. ಉಳಿಯೋದು ಜಗಳ ಒಂದೇ.

ಒಂದೇ ಸೈಜಿನ ಮೀನು ತಂದ್ರೂ ಇದೇ ಕಥೆ. ಯಾರು ಮೇಲೆ ಯಾರು ಕೆಳಗೆ ಅನ್ನೋದು ತೀರ್ಮಾನ ಆಗೋ ತನಕ ಕಚ್ಚಾಟ.

ಕಡಲಲ್ಲಿ ಸೋತವನು ದೂರ ಹೋಗಬಹುದು. ಅದೂ ಸುಲಭ ಅಲ್ಲ, ಅನಿಮೋನಿ ಬಿಟ್ಟ ಕ್ಲೌನ್ ಫಿಶ್ ಬೇರೆ ಮೀನಿಗೆ ಊಟ. ಆದ್ರೂ ಹೋಗೋಕೆ ಒಂದು ದಿಕ್ಕು ಅಂತ ಇರತ್ತೆ. ಗಾಜಿನ ಡಬ್ಬದಲ್ಲಿ ಆ ದಿಕ್ಕೇ ಇಲ್ಲ. ಸೋತ ಮೀನು ಮೇಲಿನ ಮೂಲೆಯಲ್ಲೋ ಫಿಲ್ಟರ್ ಹಿಂದೆಯೋ ಅಂಟಿಕೊಂಡು ನಿಂತಿರತ್ತೆ, ಊಟಕ್ಕೆ ಬರಲ್ಲ, ರೆಕ್ಕೆ ಹರಿದಿರತ್ತೆ. ನಾವು ವಿಡಿಯೋ ಮಾಡಿ "ಹೊಸ ಜೋಡಿ" ಅಂತ ಸ್ಟೋರಿ ಹಾಕ್ತೀವಿ.

ಅದಕ್ಕೇ ಚಿಕ್ಕ ಮರಿ ಅಂದಿದ್ದು. ಚಿಕ್ಕದು ಬಂದಾಗ ಪ್ರಶ್ನೆನೇ ಏಳಲ್ಲ. ದೊಡ್ಡದು ಹೆಣ್ಣಾಗಿದ್ರೆ ಹೆಣ್ಣಾಗೇ ಉಳಿಯತ್ತೆ, ಇಲ್ಲ ಅಂದ್ರೆ ಆಗತ್ತೆ. ಚಿಕ್ಕದು ಗಂಡಾಗಿ ಬೆಳೆಯತ್ತೆ. "ಹೆಣ್ಣು ಸತ್ತೋಯ್ತು" ಅಂತ ಕೇಳಿದವರಿಗೂ ಉತ್ತರ ಇದೇ. ನಿಮ್ಮ ಮನೇಲಿ ಉಳಿದಿರೋನೇ ನಾಳಿನ ಹೆಣ್ಣು. ಅವಳನ್ನ ದುಡ್ಡು ಕೊಟ್ಟು ತರಬೇಕಿಲ್ಲ, ಕಾಯಬೇಕು ಅಷ್ಟೇ.

ಅಂಗಡೀಲಿ ಎರಡು ಪುಟ್ಟ ಮರಿ ತೋರಿಸಿ "ಇದು ಮೇಲ್, ಇದು ಫೀಮೇಲ್" ಅಂತ ಯಾರಾದ್ರೂ ಹೇಳಿದ್ರೆ ನಕ್ಕು ಮುಂದೆ ಹೋಗಿ. ಆ ವಯಸ್ಸಲ್ಲಿ ಫೀಮೇಲ್ ಅಂತ ಇರೋದೇ ಇಲ್ಲ.

ಇನ್ನೆರಡು ಮಾತು. ಜಾತಿ ಒಂದೇ ಇರಲಿ, ಒಸೆಲ್ಲಾರಿಸ್ ಇದ್ರೆ ಒಸೆಲ್ಲಾರಿಸ್ಸೇ ತನ್ನಿ. ಮರೂನ್ ಕ್ಲೌನ್ ಅಂತೂ ಹೊಸಬರಿಗೆ ಬೇಡವೇ ಬೇಡ, ಅದರ ಹೆಣ್ಣಿನ ಜೋರು ಬೇರೆ ಲೆವೆಲ್. ಆಮೇಲೆ "ಎರಡು ಯಾಕೆ, ಮೂರು ಇರಲಿ" ಅನ್ನಬೇಡಿ. ಇಬ್ಬರು ಜೋಡಿಯಾದ್ಮೇಲೆ ಮನೆ ಟ್ಯಾಂಕಲ್ಲಿ ಮೂರನೆಯವನಿಗೆ ಸಾಮಾನ್ಯವಾಗಿ ಏಟೇ ಗತಿ.

ಕ್ಯಾಪ್ಷನ್ 4/5

ತರೋದು ಪಕ್ಕಾ ಆದ್ರೆ ಹೀಗೆ ಮಾಡಿ. ಹೊಸ ಮೀನನ್ನ ಕೆಲವು ವಾರ ಬೇರೆ ಟ್ಯಾಂಕಲ್ಲಿಟ್ಟು ರೋಗ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ತೂತಿರೋ ಪ್ಲಾಸ್ಟಿಕ್ ಬಾಕ್ಸಲ್ಲಿ ಹಾಕಿ ಹಳೇ ಟ್ಯಾಂಕೊಳಗೇ ಕೆಲವು ದಿನ ಇಡಿ. ಒಬ್ಬರನ್ನೊಬ್ಬರು ನೋಡಬೇಕು, ಬಾಯಿ ಹಾಕಬಾರದು. ಬಿಡೋ ದಿನ ಕಲ್ಲುಗಳ ಜಾಗ ಸ್ವಲ್ಪ ಬದಲಿಸಿ, ಹಳೇ ಮೀನಿಗೆ ಹೊಟ್ಟೆ ತುಂಬ ಊಟ ಹಾಕಿ, ಲೈಟ್ ಆರಿಸಿದ ಮೇಲೆ ಬಿಡಿ.

ಆಮೇಲೆ ನೋಡ್ತಾ ಇರಿ. ಚಿಕ್ಕದು ದೊಡ್ಡದರ ಮುಂದೆ ಮೈಯೆಲ್ಲ ಗಡಗಡ ನಡುಗಿಸತ್ತೆ. ಫಿಟ್ಸ್ ಬಂತು ಅಂತ ಗಾಬರಿ ಆಗಬೇಡಿ, ಅದು ಶರಣಾಗತಿ, ಒಳ್ಳೇ ಲಕ್ಷಣ. ದೊಡ್ಡದು ಆಗಾಗ ಅಟ್ಟಿಸೋದು, ಒಂದು ಸಣ್ಣ ಕಡಿತ, ಇವೂ ಮಾಮೂಲು. ಆದರೆ ರೆಕ್ಕೆ ಹರಿದ್ರೆ, ಚಿಕ್ಕದು ಊಟ ಬಿಟ್ರೆ, ಮೂಲೆ ಬಿಟ್ಟು ಕದಲದಿದ್ರೆ ಅದೇ ದಿನ ಬೇರೆ ಮಾಡಿ. "ಅಡ್ಜಸ್ಟ್ ಆಗ್ತಾರೆ ಬಿಡು" ಅನ್ನೋ ಮಾತು ಇಲ್ಲಿ ಬೇಡ. ಆ ಮಾತು ಹೇಳೋರು ಯಾವಾಗ್ಲೂ ಏಟು ತಿನ್ನದೇ ಇರೋರೇ.

ನಿಮ್ಮಲ್ಲಿ ಕೆಲವರು ಕೇಳಬಹುದು: "ಕಡಲಲ್ಲಿ ಗುಂಪಲ್ಲಿರೋ ಮೀನನ್ನ ಒಂಟಿ ಇಡೋದೇ ಹಿಂಸೆ ಅಲ್ವಾ?" ಪ್ರಶ್ನೆ ನ್ಯಾಯವಾಗಿದೆ. ಆದರೆ ಆ ಗುಂಪು ಫ್ರೆಂಡ್ಸ್ ಗ್ಯಾಂಗ್ ಅಲ್ಲ, ಮೇಲಿನ ಸೀಟು ಖಾಲಿ ಆಗಲಿ ಅಂತ ಕಾಯೋ ಕ್ಯೂ. ಚೆನ್ನಾಗಿ ತಿನ್ಕೊಂಡು, ಅಂಜದೆ ಓಡಾಡ್ಕೊಂಡು ಇರೋ ಒಂಟಿ ಮೀನಿಗೆ ಏನೋ ಕೊರತೆ ಇದೆ ಅಂತ ನಾವೇ ಕಲ್ಪಿಸ್ಕೊಳ್ತೀವಿ. ನೆಂಟರು ಮದುವೆ ಮನೇಲಿ ನಮ್ಮನ್ನ ನೋಡಿ ಕಲ್ಪಿಸ್ಕೊಳ್ಳೋ ಹಾಗೆ. ಜೋಡಿ ತರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಅದು ನಿಮ್ಮ ಆಸೆ, ಮೀನಿನ ಗೋಳಲ್ಲ. ಆಸೆ ಅಂತ ಒಪ್ಕೊಂಡ್ರೆ ಜವಾಬ್ದಾರೀನೂ ನಿಮ್ಮದೇ ಅಂತ ಗೊತ್ತಾಗತ್ತೆ.

ಕ್ಯಾಪ್ಷನ್ 5/5

ಕೊನೇದು ಲೆಕ್ಕದ ವಿಷಯ, ಬಿಕಾಂ ಹುಡುಗ ನಾನು, ಬಿಡಕ್ಕಾಗತ್ತಾ? ಮೀನಿನ ರೇಟು ಖರ್ಚಲ್ಲ, ಅದು ಬರೀ ಎಂಟ್ರಿ ಫೀಸು. ಉಪ್ಪು, ಟೆಸ್ಟ್ ಕಿಟ್, ನೀರು ಬದಲಾಯಿಸೋದು, ಏಪ್ರಿಲ್ ಬಿಸಿಲಲ್ಲಿ ನೀರು ಕಾಯದ ಹಾಗೆ ನೋಡೋದು, ಕರೆಂಟ್ ಹೋದಾಗ ಪಂಪಿಗೆ ಬ್ಯಾಟರಿ. ಇವೆಲ್ಲ ಪ್ರತಿ ತಿಂಗಳದ್ದು. ಸಾಕಿದ ಕ್ಲೌನ್ ಫಿಶ್ 20 ವರ್ಷ ದಾಟಿ ಬದುಕಿದ ಉದಾಹರಣೆಗಳಿವೆ. ಇವತ್ತು 20ಕ್ಕೆ ತಂದ ಮರಿ, ನಾವು 40 ಆದಾಗಲೂ ಬೆಳಗ್ಗೆ ಊಟಕ್ಕೆ ಗಾಜಿನ ಹತ್ರ ಬರಬಹುದು. ಪಿಜಿ ಬದಲಾಯಿಸುವಾಗ, ಕೆಲಸಕ್ಕೆ ಬೇರೆ ಊರಿಗೆ ಹೋಗುವಾಗ ಇದನ್ನ ಯಾರು ನೋಡ್ಕೊಳ್ತಾರೆ? ಒಂದಕ್ಕೇ ಉತ್ತರ ಇಲ್ಲ ಅಂದ್ರೆ ಎರಡನೇದರ ಮಾತು ಯಾಕೆ?

ಇನ್ನು, ಎಲ್ಲಿಂದ ತರೋದು? ಟ್ಯಾಂಕಲ್ಲೇ ಹುಟ್ಟಿದ ಮರಿ ಕೇಳಿ. ಕ್ಲೌನ್ ಫಿಶ್ ಹ್ಯಾಚರಿಯಲ್ಲಿ ಮರಿ ಮಾಡಿಸಬಹುದಾದ ಮೀನು. ನಮ್ಮ ದೇಶದಲ್ಲೇ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ ಇದರ ಮರಿ ಬೆಳೆಸೋ ವಿಧಾನ ರೂಢಿಗೆ ತಂದಿದಾರೆ. ಹಾಗಿರುವಾಗ ಕಡಲಿಂದ ಹಿಡಿದು ತಂದ ಮೀನಿಗೆ ದುಡ್ಡು ಕೊಡೋದು ಯಾಕೆ? ಅನಿಮೋನಿಯಿಂದ ಒಂದು ಮೀನು ಎತ್ತಿದ್ರೆ ಬರೀ ಒಂದು ಮೀನು ಹೋಗಲ್ಲ, ಅಲ್ಲಿನ ಇಡೀ ಕ್ಯೂ ಕದಲತ್ತೆ. ಹೆಣ್ಣನ್ನೇ ಎತ್ತಿದ್ರೆ, ಗಂಡು ಹೆಣ್ಣಾಗಿ ಮತ್ತೆ ಮೊಟ್ಟೆ ಇಡೋ ತನಕ ಆ ಮನೇಲಿ ಮೊಟ್ಟೆ ಇಲ್ಲ.

ಹಾಗಾಗಿ ಅಂಗಡಿಗೆ ಹೋಗೋ ಮುಂಚೆ ನಾಲ್ಕೇ ಪ್ರಶ್ನೆ, ಸ್ಕ್ರೀನ್‌ಶಾಟ್ ತಗೊಳ್ಳಿ:

ಹೊಸದು ನನ್ನ ಮೀನಿಗಿಂತ ಚಿಕ್ಕದಾ?
ಅದೇ ಜಾತೀದಾ?
ಟ್ಯಾಂಕಲ್ಲೇ ಹುಟ್ಟಿದ್ದಾ?
ಜಗಳ ಆದ್ರೆ ಬೇರೆ ಇಡೋಕೆ ಜಾಗ ಇದೆಯಾ?

ನಾಲ್ಕಕ್ಕೂ "ಹೌದು" ಬಂದ್ರೆ ಧಾರಾಳವಾಗಿ ತನ್ನಿ, ಗಡಗಡ ನಡುಗೋ ವಿಡಿಯೋ ನನಗೂ ಕಳಿಸಿ. ಒಂದಕ್ಕೆ "ಇಲ್ಲ" ಬಂದ್ರೂ ಆ ದುಡ್ಡಲ್ಲಿ ಒಳ್ಳೇ ಟೆಸ್ಟ್ ಕಿಟ್ ತಗೊಳ್ಳಿ. ಒಂಟಿ ನೀಮೋಗೆ ಅದೇ ದೊಡ್ಡ ಉಪಕಾರ.

ಒಪ್ಪದೇ ಇರೋರು ಕಾಮೆಂಟಲ್ಲಿ ಬನ್ನಿ, ಮಾತಾಡೋಣ. ಟ್ಯಾಂಕ್ ಇಟ್ಟಿರೋ ಫ್ರೆಂಡ್ ಇದ್ರೆ ಅವರು ಅಂಗಡಿಗೆ ಹೋಗೋ ಮುಂಚೆ ಟ್ಯಾಗ್ ಮಾಡಿ.

#ಕ್ಲೌನ್‌ಫಿಶ್ #ಕನ್ನಡದಲ್ಲಿ_ಅಕ್ವೇರಿಯಂ #ಮೊದಲು_ಅಳತೆ_ನೋಡಿ