ಹಳೇ ಬಟ್ಟೆ ಬಾಕ್ಸಿಗೆ ಹಾಕುವ ಮೊದಲು (ಭಾಗ 6)

2019ರ ಆಗಸ್ಟ್ ನೆನಪುಂಟಾ? ನಾವೆಲ್ಲ ಶಾಲೆಯಲ್ಲಿದ್ದೆವು. ಮಳೆಗೆ ರಜೆ ಸಿಕ್ಕಿತು ಅಂತ ಕುಣಿದವರು ನಾವೇ. ಅದೇ ಹೊತ್ತಿಗೆ ಬೆಳ್ತಂಗಡಿಯ ದಿಡುಪೆ, ಕುಕ್ಕಾವು, ಚಾರ್ಮಾಡಿ ಕಡೆ ಘಟ್ಟದಿಂದ ನೀರಿನ ಜೊತೆ ಮಣ್ಣು, ಮರದ ದಿಮ್ಮಿ ಇಳಿದು ಬಂತು. ಮನೆ, ತೋಟ, ಸೇತುವೆ ಹಾಳಾದವು. ಕೆಳಗೆ ಬಂಟ್ವಾಳ ಪೇಟೆಗೆ ನೇತ್ರಾವತಿ ನುಗ್ಗಿತು. ಹಿರಿಯರು 1974ರ ನೆರೆಯ ಕಥೆ ತೆಗೆದರು.

ಆಮೇಲೆ ಶಾಲೆಯಲ್ಲಿ ಒಂದು ರಟ್ಟಿನ ಬಾಕ್ಸ್ ಇಟ್ಟರು. ನಾನು ಹಾಕಿದ್ದು ಎಂತ ಗೊತ್ತುಂಟಾ? ಗುಂಡಿ ಹೋದ ಒಂದು ಅಂಗಿ. ಮನೆಗೆ ಬಂದು ‘ಸಹಾಯ ಮಾಡಿದೆ’ ಅಂತ ಹೇಳಿಕೊಂಡೆ. ಈಗ ನೆನೆಸಿದರೆ ನಾಚಿಕೆ ಆಗ್ತದೆ.

ಇದು ನನ್ನೊಬ್ಬನ ಕಥೆ ಅಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ 14 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿ ಹೆಚ್ಚು ಪೆಟ್ಟು ತಿಂದದ್ದು ತಮಿಳುನಾಡಿನ ನಾಗಪಟ್ಟಿಣಂ. ಇಡೀ ಜಗತ್ತೇ ಸಹಾಯಕ್ಕೆ ಬಂತು, ಅದು ದೊಡ್ಡ ವಿಷಯವೇ. ಆದರೆ ಅದೇ ನಾಗಪಟ್ಟಿಣದ ರಸ್ತೆ ಬದಿಯಲ್ಲಿ ಯಾರೂ ಮುಟ್ಟದ ಹಳೇ ಬಟ್ಟೆಯ ರಾಶಿ ಬಿದ್ದಿತ್ತು. ಇಂಡೋನೇಷ್ಯಾದ ಆಚೆಗೆ ಸುಮಾರು 4,000 ಟನ್ ಔಷಧ ಹೋಯಿತು. ಅದರಲ್ಲಿ ಬಹುಪಾಲಿನ ಲೇಬಲ್ ಅಲ್ಲಿಯವರಿಗೆ ಓದಲಿಕ್ಕೆ ಬಾರದ ಭಾಷೆಯಲ್ಲಿತ್ತು. ನೂರಾರು ಟನ್ ನಾಶ ಮಾಡಬೇಕಾಯಿತು, ಅದಕ್ಕೂ ದುಡ್ಡು ಬೇಕು!

‘ಕೊಡುವವರ ಮನಸ್ಸು ಒಳ್ಳೆಯದಲ್ವಾ’ ಅಂತ ನೀವು ಕೇಳಬಹುದು. ಹೌದು, ಒಳ್ಳೆಯದೇ. ಆದರೆ ಮನೆ ಕಳೆದುಕೊಂಡವರು ಮರ್ಯಾದೆ ಕಳೆದುಕೊಂಡಿರುವುದಿಲ್ಲ. ನಿನ್ನೆವರೆಗೆ ಅಡಿಕೆ ತೋಟ ನೋಡಿಕೊಂಡು, ಬಂದವರಿಗೆ ಊಟ ಹಾಕುತ್ತಿದ್ದ ಮನೆಯವರು ಅವರು. ನಾವು ಹಾಕಿಕೊಳ್ಳದ ಅಂಗಿಯನ್ನು ಅವರು ಯಾಕೆ ಹಾಕಬೇಕು?

ಹಾಗಾದರೆ ಎಂತ ಮಾಡುವುದು? ಮೊದಲು ಕೇಳುವುದು. ಕಾಳಜಿ ಕೇಂದ್ರದಲ್ಲಿ ಇರುವವರನ್ನೋ, ಪಂಚಾಯತ್‌ನವರನ್ನೋ ಕೇಳಿದರೆ ಬೇಕಾದ್ದನ್ನು ಅವರೇ ಹೇಳ್ತಾರೆ: ಹೊಸ ಒಳಉಡುಪು, ಪ್ಯಾಡ್, ಟಾರ್ಪಾಲು, ಮಕ್ಕಳ ಪುಸ್ತಕ. ವಸ್ತು ಬೇಡ ಅಂದರೆ ದುಡ್ಡು, ಐವತ್ತು ರೂಪಾಯಿ ಆದರೂ ಸರಿ. ದುಡ್ಡಿಲ್ಲದಿದ್ದರೆ ಕೈ ಉಂಟಲ್ಲ? ಬಾವಿಯ ಕೆಸರು ತೆಗೆಯಲಿಕ್ಕೆ, ತೋಟಕ್ಕೆ ನುಗ್ಗಿದ ಮರಳು ಹೊರಲಿಕ್ಕೆ ಜನ ಬೇಕು. ಮೂಡುಬಿದಿರೆಯ ಹಾಸ್ಟೆಲುಗಳಲ್ಲೇ ನಾವು ಸಾವಿರಾರು ಮಂದಿ ಇದ್ದೇವೆ. ದಿಡುಪೆ ಎಂತ ಸುಮಾತ್ರಾದಷ್ಟು ದೂರವಾ?

ಇನ್ನೊಂದು ಮಾತು. ಮೊದಲ ವಾರ ಎಲ್ಲರೂ ಹೋಗ್ತಾರೆ, ಫೋಟೋ ಹಾಕ್ತಾರೆ. ಮೂರು ತಿಂಗಳು ಕಳೆದ ಮೇಲೆ, ಕ್ಯಾಮೆರಾ ಎಲ್ಲ ಹೋದ ಮೇಲೆ ಒಂದು ಭಾನುವಾರ ಹೋಗಿ ಬನ್ನಿ. ಆಗಲೇ ಹೆಚ್ಚು ಕೆಲಸ ಇರುವುದು.

ಬಾಕ್ಸಿಗೆ ನೀವು ಎಂತ ಹಾಕಿದ್ದಿರಿ? ಸುಳ್ಳು ಹೇಳದೆ ಕಾಮೆಂಟ್ ಮಾಡಿ. ನಾನಂತೂ ಒಪ್ಪಿಕೊಂಡಾಯಿತು.